ಬಳ್ಳಾರಿಯಿಂದ ದೆಹಲಿಗೆ: ಬೆಂಗಳೂರಿನ ದಾರಿಯೋ, ಹೈದರಾಬಾದಿನ ದಾರಿಯೋ?

ಬಳ್ಳಾರಿಯವರು ವಿಮಾನದಲ್ಲಿ ದೆಹಲಿಗೆ ಹೋಗಬೇಕಾದರೆ ಸಾಮಾನ್ಯವಾಗಿ ಮೊದಲು ಬೆಂಗಳೂರನ್ನೋ ಹೈದರಾಬಾದನ್ನೋ ಸೇರಿಕೊಳ್ಳಬೇಕು. ಕೆಲಸದ ನಿಮಿತ್ತ ಈ ಎರಡೂ ದಾರಿಗಳಲ್ಲಿ ಓಡಾಡಿರುವ ನಾನು, ಯಾವುದು ಮೇಲೆಂಬ ಪ್ರಶ್ನೆಗೆ ಒಂದೇ ಉತ್ತರವಿದೆ ಎಂದು ಬಹಳ ದಿನ ನಂಬಿದ್ದೆ.

ಬಳ್ಳಾರಿಗೆ ಹತ್ತಿರವಿರುವ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ನೇರ ವಾಯುದೂರ ಸುಮಾರು 250 ಕಿ.ಮೀ., ಹೈದರಾಬಾದಿಗೆ ಸುಮಾರು 300 ಕಿ.ಮೀ. ಇಷ್ಟನ್ನೇ ನೋಡಿದರೆ ಬೆಂಗಳೂರೇ ಹತ್ತಿರ. ಆದರೆ ಅಲ್ಲಿಂದ ದೆಹಲಿ 1,700 ಕಿ.ಮೀ. ಇದ್ದರೆ, ಹೈದರಾಬಾದಿನಿಂದ 1,260 ಕಿ.ಮೀ. ಮಾತ್ರ ಇದೆ, ಹಾಗಾಗಿ ಒಟ್ಟು ದೂರ ಒಂದು ಕಡೆ 1,950, ಇನ್ನೊಂದು ಕಡೆ 1,560 ಕಿ.ಮೀ. ಆಗುತ್ತದೆ. ಬೆಂಗಳೂರಿನ ದಾರಿ ಹಿಡಿದವರು ದಕ್ಷಿಣಕ್ಕೆ ಹೋದಷ್ಟನ್ನೂ ಮತ್ತೆ ಉತ್ತರಕ್ಕೆ ಹಾರಿ ತಮ್ಮ ಊರಿನ ನೇರಕ್ಕೆ ಬಂದ ಮೇಲೆಯೇ ದೆಹಲಿಯ ಕಡೆಗೆ ನಿಜವಾಗಿ ಮುಂದುವರಿಯುತ್ತಾರೆ.

ಹಾರಾಟದ ಸಮಯದಲ್ಲಿ ಈ ವ್ಯತ್ಯಾಸ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಬೆಂಗಳೂರು–ದೆಹಲಿ ಹಾರಾಟಕ್ಕೆ ಸುಮಾರು ಎರಡು ಮುಕ್ಕಾಲು ಗಂಟೆ, ಹೈದರಾಬಾದ್–ದೆಹಲಿಗೆ ಸುಮಾರು ಎರಡು ಕಾಲು ಗಂಟೆ ಹಿಡಿಯುತ್ತದೆ. ಉಳಿಯುವುದು ಅರ್ಧ ಗಂಟೆ. ಉಡಾನ್ ಯೋಜನೆಯಡಿ 2017ರಲ್ಲಿ ವಿದ್ಯಾನಗರದಿಂದ ಹಾರಾಟ ಆರಂಭಿಸಿದ ಎಟಿಆರ್-72 ಮಾದರಿಯ ಪ್ರೊಪೆಲ್ಲರ್ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಸಾಗುವುದರಿಂದ, ಮೊದಲ ಹಂತದ 50 ಕಿ.ಮೀ. ಹೆಚ್ಚುವರಿ ದೂರಕ್ಕೆ ತಗಲುವುದು ಆರೇ ನಿಮಿಷ. ಆ ವಿಮಾನದಲ್ಲಿ ಹೈದರಾಬಾದಿಗೆ ಹೋಗಿ, ಅಲ್ಲಿಂದ ದೆಹಲಿಗೆ ಹೋದ ನನ್ನ ಮೊದಲ ಪ್ರಯಾಣ ಅತ್ಯಂತ ಸುಖವಾಗಿತ್ತು.

ಎರಡನೆಯ ಸಲ ಚಿಕ್ಕ ವಿಮಾನದ ಹಾರಾಟವನ್ನು ಹಿಂದಿನ ಸಂಜೆ ರದ್ದು ಮಾಡಿದರು. ಎರಡು ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಂಡಿದ್ದರಿಂದ, ದೆಹಲಿಯ ವಿಮಾನ ಉಳಿಸಿಕೊಳ್ಳಲು ರಾತ್ರೋರಾತ್ರಿ ಬಾಡಿಗೆ ಕಾರಿನಲ್ಲಿ ಆಲೂರು, ಕರ್ನೂಲು ಮಾರ್ಗವಾಗಿ ಶಂಷಾಬಾದಿನ ವಿಮಾನ ನಿಲ್ದಾಣಕ್ಕೆ ಹೊರಟೆ. ಆ ನಿಲ್ದಾಣ ಹೈದರಾಬಾದಿನ ದಕ್ಷಿಣಕ್ಕಿರುವುದರಿಂದ ನಗರದ ಒಳಹೊಕ್ಕುವ ಪ್ರಮೇಯ ಬರಲಿಲ್ಲ. ಆದರೂ ಕರ್ನೂಲಿನವರೆಗಿನ ಇಕ್ಕಟ್ಟಾದ ರಸ್ತೆಯಿಂದಾಗಿ ಆರೂವರೆ ಗಂಟೆ ಹಿಡಿಯಿತು.

ಮೂರನೆಯ ಸಲ ದೇವನಹಳ್ಳಿಗೆ ಕಾರಿನಲ್ಲೇ ಹೋದೆ. ಬೆಂಗಳೂರೆಂದರೆ ನಮ್ಮಲ್ಲಿ ಅನೇಕರು ಚಳ್ಳಕೆರೆ, ಹಿರಿಯೂರಿನ ದಾರಿಯನ್ನೇ ನೆನೆಯುತ್ತಾರೆ. ಹಾಗೆ ಹೋದರೆ ತುಮಕೂರು ದಾಟಿದ ಮೇಲೆ ವಾಹನಗಳ ಸಂದಣಿಯಲ್ಲಿ ಸಿಕ್ಕಿಕೊಳ್ಳಬೇಕಾಗುತ್ತದೆ. ಉರವಕೊಂಡ, ಅನಂತಪುರದ ಮೂಲಕ ರಾಷ್ಟ್ರೀಯ ಹೆದ್ದಾರಿ 44ನ್ನು ಸೇರಿ, ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿದರೆ, ನಗರಕ್ಕೆ ಕಾಲಿಡುವ ಮುನ್ನವೇ ವಿಮಾನ ನಿಲ್ದಾಣ ಎದುರಾಗುತ್ತದೆ. ನನಗೆ ಐದು ಗಂಟೆ ಸಾಕಾಯಿತು. ಆಕಾಶದಲ್ಲಿ ಅರ್ಧ ಗಂಟೆ ಹೆಚ್ಚಾದರೂ ನೆಲದ ಮೇಲೆ ಒಂದೂವರೆ ಗಂಟೆ ಉಳಿದದ್ದರಿಂದ, ಭೂಪಟದಲ್ಲಿ ಸುತ್ತಾಗಿ ಕಾಣುವ ದಾರಿಯೇ ಗೆದ್ದಿತು.

ಆದ್ದರಿಂದ ವಿದ್ಯಾನಗರದಿಂದ ವಿಮಾನವಿರುವ ದಿನ, ಒಂದೇ ಟಿಕೆಟ್‌ನಲ್ಲಿ ಎರಡೂ ಹಂತ ಸಿಗುವುದಾದರೆ ಹೈದರಾಬಾದನ್ನು ಆರಿಸಿಕೊಳ್ಳುತ್ತೇನೆ. ರಸ್ತೆಯಲ್ಲೇ ಹೊರಡಬೇಕಾದರೆ ಅನಂತಪುರದ ದಾರಿಯಲ್ಲಿ ದೇವನಹಳ್ಳಿಗೆ ಹೋಗುತ್ತೇನೆ. ಮರಳುವಾಗ ಮಾತ್ರ ಸದಾ ಬೆಂಗಳೂರೇ. ಮಧ್ಯಾಹ್ನ ಇಳಿದು, ವಾಯುವಜ್ರ ಬಸ್ಸಿನಲ್ಲಿ ಮೆಜೆಸ್ಟಿಕ್ ತಲುಪಿ ಊಟ ಮುಗಿಸಿದರೂ, ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ರೈಲಿಗೆ ಬೇಕಾದಷ್ಟು ಹೊತ್ತು ಉಳಿದಿರುತ್ತದೆ.