ಬೇರೆ ಕಂಪನಿ ನಂಬರ್‌ಗೆ ಕಾಲ್ ಹೋಗುತ್ತಾ? ನಾಲ್ಕು ತಿಂಗಳು ಬಳಸಿದ ಸಿಮ್ ಬಗ್ಗೆ

ನಾನು ಕಲಬುರಗಿ ಗಂಜ್‌ನಲ್ಲಿ ಒಂದು ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ ಸೀಸನ್‌ನಲ್ಲಿ ದಿನಕ್ಕೆ ನೂರು ಕಾಲ್ ಆದರೂ ಆಗುತ್ತವೆ. ಆಳಂದ, ಜೇವರ್ಗಿ, ಸೇಡಂ ಕಡೆಯ ರೈತರು, ಒಬ್ಬೊಬ್ಬರದು ಒಂದೊಂದು ಕಂಪನಿ ಸಿಮ್. ಹಾಗಾಗಿ ಪೋರ್ಟ್ ಮಾಡಿಸಿಕೊಂಡ ಈ ಪ್ರೀಪೇಯ್ಡ್ ಸಿಮ್‌ನಲ್ಲಿ (ಕಂಪನಿ ಹೆಸರು ಬೇಡ) ನಾನು ನೆಟ್ ಸ್ಪೀಡ್‌ಗಿಂತ ಮೊದಲು ನೋಡಿದ್ದು ಬೇರೆ ಕಂಪನಿ ನಂಬರ್‌ಗೆ ಕಾಲ್ ಹೋಗುತ್ತಾ ಅಂತ.

ಇದೇ ಕಂಪನಿ ನಂಬರ್‌ಗೆ ಫಟ್ ಅಂತ ಹೋಗುತ್ತದೆ. ದನಿ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳುತ್ತದೆ. ತೊಂದರೆ ಇರುವುದು ಬೆಳಿಗ್ಗೆ ರೇಟ್ ಹೊರಬೀಳುವ ಹೊತ್ತಿಗೆ. ಒಂದು ದಿನ ರಫ್ ಪುಸ್ತಕದ ಹಿಂದೆ ಗೆರೆ ಎಳೆದು ಎಣಿಸಿದೆ: ಬೇರೆ ಕಂಪನಿಗೆ ಮಾಡಿದ 30 ಕಾಲ್‌ನಲ್ಲಿ 7 ಹೋಗಲೇ ಇಲ್ಲ. ಅದೇ ನಂಬರ್‌ಗಳಿಗೆ ಹಳೆ ಸಿಮ್‌ನಿಂದ ಮಾಡಿದೆ, ಹೋದವು. ಕಸ್ಟಮರ್ ಕೇರ್‌ನವರು ಹೇಳಿದ್ದು "ಆ ಕಡೆ ನೆಟ್‌ವರ್ಕ್ ಸಮಸ್ಯೆ ಸರ್".

ಈ "ಆ ಕಡೆ" ಅನ್ನುವ ಮಾತು ಹಳೆಯದು. ಎರಡು ಕಂಪನಿಗಳ ನೆಟ್‌ವರ್ಕ್ ಕೂಡುವ ಜಾಗದಲ್ಲಿ ದಾರಿ ಸಾಲದಿದ್ದರೆ ಟವರ್ ಎಷ್ಟೇ ಹತ್ತಿರ ಇದ್ದರೂ ಕಾಲ್ ಹೋಗಲ್ಲ. 2016ರಲ್ಲಿ ಜಿಯೋಗೆ ಇಂಥ ಕೂಡು ಜಾಗ ಸಾಕಷ್ಟು ಕೊಡಲಿಲ್ಲ ಅಂತ ಏರ್‌ಟೆಲ್, ವೊಡಾಫೋನ್, ಐಡಿಯಾ ಮೂರಕ್ಕೂ ಸೇರಿ 3,050 ಕೋಟಿ ರೂಪಾಯಿ ದಂಡ ಹಾಕಲು ಟ್ರಾಯ್ (ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ) ಶಿಫಾರಸು ಮಾಡಿತ್ತು. ಆ ಮೂರು ಕಂಪನಿಯವರು ಒಪ್ಪಲಿಲ್ಲ, ಜಿಯೋದ ಪುಕ್ಕಟೆ ಕಾಲ್‌ಗಳು ಒಮ್ಮೆಲೇ ನುಗ್ಗಿದರೆ ನಾವೇನು ಮಾಡೋಣ ಅಂದರು.

ದುಡ್ಡಿನ ಜಗಳ ಬೇರೆ. ಆಗ ಕಾಲ್ ಮಾಡಿದವರ ಕಂಪನಿ, ಎತ್ತಿದವರ ಕಂಪನಿಗೆ ನಿಮಿಷದ ಲೆಕ್ಕದಲ್ಲಿ ಕೊಡಬೇಕಿತ್ತು. 14 ಪೈಸೆ ಇದ್ದದ್ದು 2017ರ ಅಕ್ಟೋಬರ್‌ನಿಂದ 6 ಪೈಸೆ ಆಯಿತು. ನನಗೆ ಈಗಲೂ ಸಿಟ್ಟು ಬರುವುದು 2019ರ ರಿಂಗ್ ಜಗಳಕ್ಕೆ. ಕಂಪನಿಗಳು ಒಂದರ ಹಿಂದೆ ಒಂದು ರಿಂಗ್ ಸಮಯವನ್ನು 20, 25 ಸೆಕೆಂಡ್‌ಗೆ ಇಳಿಸಿದವು. ಬೇಗ ಕಟ್ಟಾದರೆ ಆ ಕಡೆಯವರು ತಿರುಗಿ ಮಾಡುತ್ತಾರೆ, ಪೈಸೆ ಈ ಕಡೆ ಬರುತ್ತದೆ, ಅದಕ್ಕೇ ಹೀಗೆ ಅಂತ ಆರೋಪ. ನಮ್ಮ ರೈತರು ಅಂಗಿ ಕಳಚಿ ಬದುವಿನ ಬೇವಿನ ಗಿಡಕ್ಕೆ ನೇತುಹಾಕಿರುತ್ತಾರೆ, ಫೋನ್ ಅದರ ಜೇಬಲ್ಲಿ. ಸಾಲು ದಾಟಿ ಬರುವಷ್ಟರಲ್ಲಿ ಕಟ್. ಆ ಹೊತ್ತಿನ ರೇಟ್ ತಪ್ಪಿದರೆ ಕ್ವಿಂಟಲ್‌ಗೆ ನಷ್ಟ ಅವರಿಗೇ ಅಲ್ವಾ? ಕೊನೆಗೆ ಟ್ರಾಯ್ ಮೊಬೈಲ್‌ಗೆ 30 ಸೆಕೆಂಡ್, ಲ್ಯಾಂಡ್‌ಲೈನ್‌ಗೆ 60 ಸೆಕೆಂಡ್ ಅಂತ ನಿಗದಿ ಮಾಡಿತು.

2021ರ ಜನವರಿ 1ರಿಂದ ಆ ಪೈಸೆಯೂ ಸೊನ್ನೆ. ಟ್ರಾಯ್ ನಿಯಮದಲ್ಲಿ ಕೂಡು ಜಾಗದ ದಟ್ಟಣೆ ಶೇ. 0.5 ಮೀರಬಾರದು, ಅಂದರೆ ಅಲ್ಲಿ ಸಿಕ್ಕಿಬೀಳುವುದು 200 ಕಾಲ್‌ಗೆ ಒಂದಕ್ಕಿಂತ ಹೆಚ್ಚಾಗಬಾರದು. ನನ್ನ 7 ಕಾಲ್ ಎಲ್ಲಾ ಅಲ್ಲೇ ಸಿಕ್ಕಿಬಿದ್ದವು ಅಂತ ಹೇಳಲಾರೆ, ಆದರೆ ಕಾರಣ ಹುಡುಕಿ ಹೇಳುವ ಕೆಲಸ ಕಂಪನಿಯದು.

ನೆಟ್‌ಗೆ, ಮನೆಯವರ ಜೊತೆ ಮಾತಿಗೆ ಸಿಮ್ ಚೆನ್ನಾಗಿದೆ, ತಗೊಳ್ಳಿ. ಗಂಜ್‌ನಲ್ಲಿ ವ್ಯವಹಾರ ಇರುವವರು ಇದೊಂದನ್ನೇ ನಂಬಬೇಡಿ. ಐದಕ್ಕೆ ಎರಡೂವರೆ. ದೂರಿನ ಡಾಕೆಟ್ ನಂಬರ್ ಬರೆದಿಟ್ಟುಕೊಂಡಿದ್ದೇನೆ, ಉತ್ತರ ಬರದಿದ್ದರೆ ಮುಂದಿನ ವಾರ ಕಂಪನಿಯ ಅಪೀಲು ವಿಭಾಗಕ್ಕೆ ಬರೆಯುತ್ತೇನೆ.