ಅಳತೆ ಬ್ಲೌಸ್ ಕಳಿಸಿದರೆ ಸಾಲದು

ವಿರಾಜಪೇಟೆಯಲ್ಲಿ ಕುಳಿತು ಬೆಂಗಳೂರಿನ ಟೈಲರ್ ಕೈಯಲ್ಲಿ ರೇಷ್ಮೆ ಬ್ಲೌಸ್ ಹೊಲಿಸಬಹುದೇ ಎಂದು ನನ್ನ ನಾದಿನಿಯರು ಕೇಳುತ್ತಿದ್ದಾರೆ. ಧಾರಾಳವಾಗಿ ಹೊಲಿಸಬಹುದು. ಟೈಲರ್ ಕೇಳದ್ದನ್ನೂ ನಾವೇ ಹೇಳಬೇಕು, ಅಷ್ಟೇ.

ಮದುವೆಗಳ ಕಾಲದಲ್ಲಿ ಇಲ್ಲಿನ ಟೈಲರ್‌ಗಳು ಹೊಸ ಬಟ್ಟೆಯನ್ನು ಕೈಗೆ ತೆಗೆದುಕೊಳ್ಳುವುದೇ ಕಷ್ಟ. ಹಾಗಾಗಿ ಬೆಂಗಳೂರಿನ ಒಂದು ಆನ್‌ಲೈನ್ ಹೊಲಿಗೆ ಸೇವೆಗೆ ಬ್ಲೌಸ್ ಪೀಸ್ ಮತ್ತು ಅಳತೆ ಬ್ಲೌಸ್ ಕೊರಿಯರ್ ಮಾಡಿದೆ. ಎದೆ, ಸೊಂಟ, ತೋಳು, ಕಂಕುಳ ಸುತ್ತಳತೆಗಳನ್ನು ತುಂಬಿಸಿ, ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ತೆಗೆದ ಫೋಟೋ ಕೊಡಬೇಕು. ಅಳತೆ ತೆಗೆಯುವಾಗ ವಿಡಿಯೋ ಕರೆಯಲ್ಲಿದ್ದ ಅವರ ಕಡೆಯ ಹುಡುಗಿ ಜಾಣೆ. ಬೆನ್ನಿನ ಕಡೆ ಟೇಪ್ ಜಾರಿದ್ದನ್ನು ಅಲ್ಲಿಂದಲೇ ಕಂಡು, "ಮೇಡಂ, ಮನೆಯಲ್ಲಿ ಯಾರಾದರೂ ಇದ್ದರೆ ಹಿಡಿಯಲು ಹೇಳಿ" ಎಂದಳು. ಕರಿಮೆಣಸು ತೂಗುವಾಗ ಇಲ್ಲದ ಗಾಂಭೀರ್ಯದಿಂದ ನಮ್ಮ ಯಜಮಾನರು ಟೇಪ್ ಹಿಡಿದರು.

ಬಂದ ಬ್ಲೌಸಿನ ಎದೆ, ಸೊಂಟ ಸರಿಯಾಗಿದ್ದವು. ಎಡ ಭುಜ ಮಾತ್ರ ತೋಳಿನತ್ತ ಜಾರಿ, ಕಂಕುಳಿನ ಮೇಲೆ ಸುಕ್ಕು ಬಿದ್ದಿತ್ತು. ಫೋಟೋ ಕಳಿಸಿದರೆ "ಸೆರಗು ಹೊದ್ದರೆ ಕಾಣುವುದಿಲ್ಲ ಮೇಡಂ" ಎಂಬ ಉತ್ತರ ಬಂತು. ಯಾರ ಸೆರಗು? ಕೊಡವ ಶೈಲಿಯಲ್ಲಿ ನೆರಿಗೆ ಹಿಂದಿರುತ್ತದೆ, ಸೆರಗು ಎಡ ಕಂಕುಳಿನ ಕೆಳಗಿನಿಂದ ಬಂದು ಬಲ ಭುಜದ ಮೇಲೆ ನಿಲ್ಲುತ್ತದೆ. ಉಳಿದವರು ಸೆರಗಿನಡಿ ಮುಚ್ಚಿಕೊಳ್ಳುವ ಎಡ ಭುಜವೇ ನಮ್ಮಲ್ಲಿ ಎಲ್ಲರ ಕಣ್ಣಿಗೂ ಬೀಳುವುದು.

ಅಳತೆ ಬ್ಲೌಸ್ ಇದ್ದೂ ಹೀಗೇಕಾಯಿತು? ಟೈಲರ್ ಬಟ್ಟೆಯನ್ನು ಮಡಿಸಿ ಎರಡೂ ಬದಿಯನ್ನು ಒಟ್ಟಿಗೆ ಕತ್ತರಿಸುತ್ತಾನೆ. ಒಂದು ಭುಜ ತುಸು ಇಳಿಜಾರಾಗಿರುವ ನನ್ನಂಥವರ ಗುಟ್ಟು ಆ ಮಡಿಕೆಯಲ್ಲೇ ಕಳೆದುಹೋಗುತ್ತದೆ. ಮೇಲಾಗಿ ನಾನು ಕಳಿಸಿದ್ದು ಒಗೆದೊಗೆದು ಮೈಗೆ ಒಗ್ಗಿದ ಹತ್ತಿಯ ಬ್ಲೌಸ್. ಲೈನಿಂಗ್ ಕೊಟ್ಟ ರೇಷ್ಮೆ ಅಷ್ಟು ಸಡಿಲ ಬಿಡುವುದಿಲ್ಲ.

ತಿದ್ದಿಕೊಟ್ಟರು, ಅದಕ್ಕೆ ಹಣ ಕೇಳಲಿಲ್ಲ. ಹೋಗಿಬರುವ ಕೊರಿಯರ್ ಖರ್ಚು ಮಾತ್ರ ನನ್ನದೇ ಎಂದದ್ದು ಸರಿಯಲ್ಲ. ಹೊಲಿಗೆ ಬಿಚ್ಚಿದ ಕಡೆ ಸೂಜಿಯ ರಂಧ್ರಗಳು ಉಳಿದಿವೆ. ರೇಷ್ಮೆಯಲ್ಲಿ ಅವು ಸುಲಭವಾಗಿ ಮಾಯುವುದಿಲ್ಲ.

ಮುಂದಿನ ಬ್ಲೌಸಿಗೆ ಸೀರೆ ಉಟ್ಟ ಫೋಟೋವನ್ನೇ ಕಳಿಸಿದೆ. ಎರಡು ಭುಜಗಳನ್ನೂ ಬೇರೆ ಬೇರೆಯಾಗಿ ಅಳೆಸಿದೆ. ತುಂಬು ತೋಳಿನ ಉದ್ದವನ್ನು ಮೊಣಕೈ ಸ್ವಲ್ಪ ಮಡಚಿಕೊಂಡು ತೆಗೆಸಿದೆ, ನೇರ ಕೈಯ ಅಳತೆ ಕೊಟ್ಟರೆ ಊಟ ಬಡಿಸುವಾಗ ತೋಳು ಮಣಿಕಟ್ಟು ಬಿಟ್ಟು ಮೇಲೇರುತ್ತದೆ. ಒಳಗೆ ಒಂದು ಇಂಚು ಮಾರ್ಜಿನ್ ಬಿಡಿ, ಲೈನಿಂಗ್ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸಿಯೇ ಕತ್ತರಿಸಿ ಎಂದೂ ಬರೆದೆ. ಈ ಸಲ ಭುಜ ಕೂತಲ್ಲೇ ಕೂತಿದೆ, ಕೈ ಎತ್ತಿದರೂ ಬ್ಲೌಸ್ ಮೇಲೆ ಬರುವುದಿಲ್ಲ.

ದರ ನಮ್ಮೂರಿಗಿಂತ ಹೆಚ್ಚು. ಆದರೆ ಹುಕ್ ಪಟ್ಟಿಯ ಅಚ್ಚುಕಟ್ಟು, ಕುತ್ತಿಗೆಯ ಪೈಪಿಂಗ್ ನೋಡಿದರೆ ದುಡ್ಡು ದಂಡವಾಯಿತು ಎನ್ನಲಾರೆ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಮದುವೆ ಸೀರೆಯ ಬ್ಲೌಸ್ ಪೀಸನ್ನು ಮೊದಲ ಸಲವೇ ಕಳಿಸಬೇಡಿ, ಅಗ್ಗದ ಬಟ್ಟೆಯಲ್ಲಿ ಒಂದು ಹೊಲಿಸಿ ನೋಡಿ. ಜುಲೈ ಮಳೆಯಲ್ಲಿ ಕೊಡುವುದಾದರೆ ಪೀಸನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕಳಿಸಿ.