ಟ್ಯೂಷನ್, ರೊಟ್ಟಿ, ಅನುವಾದ, ವಿಮೆ: ನಾಲ್ಕನ್ನೂ ಮಾಡಿ ನೋಡಿದ ಮೇಲೆ

ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ಶೋರೂಮಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಅದನ್ನು ಬಿಟ್ಟ ಮೇಲೆ ಮನೆಯಿಂದಲೇ ಮಾಡುವ ನಾಲ್ಕು ಕೆಲಸ ಹಿಡಿದು ನೋಡಿದೆ. ನಾಲ್ಕಕ್ಕೂ ಓಣಿಯವರು ಹೇಳಿದ್ದು ಒಂದೇ ಮಾತು: "ನಿಮಗೇನ್ರೀ ಅಕ್ಕಾರ, ಟೈಮ್ ನಿಮ್ಮ ಕೈಯಾಗೈತಿ." ಹಾಗೇನೂ ಇಲ್ಲ. ಗಿರಾಕಿಗೆ ಯಾವಾಗ ಬೇಕೋ ಆಗ ನಾವು ಕೂರಬೇಕು. ಯಾವ ಕೆಲಸದ ಗಿರಾಕಿ ದಿನದ ಯಾವ ಹೊತ್ತು ಕೇಳುತ್ತಾನೆ ಅನ್ನುವುದನ್ನು ಮೊದಲು ನೋಡಿ, ದುಡ್ಡಿನ ಮಾತು ಆಮೇಲೆ.

ಟ್ಯೂಷನ್‌ಗೆ ಬಂಡವಾಳವೇ ಬೇಡ. ಒಂದು ಬೋರ್ಡು, ಒಂದು ಜಮಖಾನೆ, ಅಷ್ಟೇ. ತಿಂಗಳ ಮೊದಲ ವಾರದಲ್ಲೇ ಫೀ ಕೈಗೆ ಬರುತ್ತದೆ. ನಾಲ್ಕರಲ್ಲಿ ಇಷ್ಟು ನೆಟ್ಟಗೆ ದುಡ್ಡು ಬರುವುದು ಇದೊಂದರಲ್ಲೇ. ಆದರೆ ಮಕ್ಕಳು ಶಾಲೆಯಿಂದ ಬರುವುದೇ ಸಂಜೆ. ಐದರಿಂದ ಎಂಟರವರೆಗೆ ಜಮಖಾನೆ ಬಿಟ್ಟು ಏಳುವಂತಿಲ್ಲ. ಅದೇ ಹೊತ್ತಿಗೆ ನಮ್ಮ ಮಕ್ಕಳೂ ಹಸಿದು ಬಂದಿರುತ್ತಾರೆ, ಬೀಗರೂ ಬರುತ್ತಾರೆ, ಮದುವೆಯ ಆರತಕ್ಷತೆಯೂ ಅದೇ ಹೊತ್ತಿಗೆ. ಹಗಲೆಲ್ಲ ಖಾಲಿ, ಬೇಕಾದಾಗ ಬಿಡುವಿಲ್ಲ. ಮೊದಲು ಬೇಸಿಗೆಯಾದರೂ ನಮ್ಮದಾಗಿತ್ತು. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಆದ ಮೇಲೆ, ಮೊದಲನೆಯದರಲ್ಲಿ ಪಾಸಾಗದೆ ಉಳಿದ ಮಕ್ಕಳು ಎರಡನೆಯದಕ್ಕೆ ಮೇ ತಿಂಗಳಲ್ಲೂ ಬರುತ್ತಾರೆ. ಧಾರವಾಡದ ಸಪ್ತಾಪುರದ ಕಡೆ ಇರುವವರಿಗೆ ಇನ್ನೊಂದು ಕಷ್ಟ. ಅಲ್ಲಿ ಹೆಜ್ಜೆಗೊಂದು ಕೋಚಿಂಗ್ ಸೆಂಟರ್. ತಂದೆತಾಯಿ ಬಾಗಿಲಲ್ಲೇ ನಿಂತು ಫೀ ಹೋಲಿಸುತ್ತಾರೆ.

ರೊಟ್ಟಿಯ ವಿಷಯ ಸ್ವಲ್ಪ ಉದ್ದ, ಯಾಕೆಂದರೆ ರೊಟ್ಟಿಯಲ್ಲೇ ಎರಡು ಕೆಲಸ ಇವೆ. ಒಂದು ಬಿಸಿ ರೊಟ್ಟಿ. ಖಾನಾವಳಿಯವರಿಗೆ ಮುಂಜಾನೆ ಹನ್ನೊಂದಕ್ಕೆ ಬುಟ್ಟಿ ತಲುಪಲೇಬೇಕು. ಹತ್ತೂಮುಕ್ಕಾಲಿಗೆ ಫೋನ್ ಬರುತ್ತದೆ: "ಅಕ್ಕಾರ, ಎಲ್ಲಿಗೆ ಬಂತ್ರೀ?" ಆಫೀಸಿನಲ್ಲಿ ಕಾಲು ಗಂಟೆ ತಡವಾದರೆ ಯಾರೂ ಇಷ್ಟು ಕೇಳುತ್ತಿರಲಿಲ್ಲ. ಇನ್ನೊಂದು ಖಡಕ್ ರೊಟ್ಟಿ. ಅದು ವಾರಗಟ್ಟಲೆ ಇರುತ್ತದೆ, ಹಾಗಾಗಿ ರಾತ್ರಿಯಾದರೂ ಬಡಿಯಬಹುದು, ಬೆಳಗಿನ ಜಾವವಾದರೂ ಬಡಿಯಬಹುದು. ಟೈಮ್ ಬೇಕು ಅನ್ನುವವರು ಹಿಡಿಯಬೇಕಾದದ್ದು ಇದನ್ನೇ.

ಹೊತ್ತು ನಮ್ಮದಾದರೂ ಮೈನೋವೂ ನಮ್ಮದೇ. ಬಿಳಿಜೋಳದ ಹಿಟ್ಟು ಗಿರಣಿಯಿಂದ ಬಂದ ಒಂದೆರಡು ದಿನದಲ್ಲೇ ಮುಗಿಯಬೇಕು. ಹಳೆಯದಾದರೆ ಜಿಗಟು ಹೋಗಿ, ಬಡಿಯುವಾಗ ಅಂಚು ಬಿರಿಯುತ್ತದೆ. ಕುದಿಯುವ ಎಸರು ಹಾಕಿ, ಕೈ ಸುಡುವಾಗಲೇ ನಾದಬೇಕು. ಬಡಿದು ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಆಡಿಸಿ, ತಿರುವಿ, ಬೆಂದ ಮೇಲೆ ಸಣ್ಣ ಉರಿಯಲ್ಲಿ ಮತ್ತೆ ಒಣಗಿಸಬೇಕು. ಈ ಒಣಗಿಸುವುದಕ್ಕೇ ಗ್ಯಾಸ್ ಜಾಸ್ತಿ ಹೋಗುವುದು. ಮನೆಯ ಸಿಲಿಂಡರ್ ವ್ಯಾಪಾರಕ್ಕೆ ಬಳಸುವಂತಿಲ್ಲ, 19 ಕೆಜಿಯ ಕಮರ್ಷಿಯಲ್ ಬೇಕು. ಅದರ ರೇಟು ಸೇರಿಸದೆ ಲಾಭ ಲೆಕ್ಕ ಹಾಕಿದರೆ ಅದು ಸುಮ್ನೆ ಲೆಕ್ಕ. ಆಹಾರ ಸುರಕ್ಷತೆಯ ಸರ್ಕಾರಿ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾತ್ರ ಸಸ್ತಾ, ಸಣ್ಣ ವ್ಯಾಪಾರಕ್ಕೆ ನಾನು ಕಟ್ಟಿದ್ದು ವರ್ಷಕ್ಕೆ 100 ರೂಪಾಯಿ. ಪ್ಯಾಕೆಟ್ ಮೇಲೆ ಆ ನಂಬರ್ ಇದ್ದರೆ ಅಂಗಡಿಯವರು ಎರಡು ಮಾತಾಡದೆ ಇಟ್ಟುಕೊಳ್ಳುತ್ತಾರೆ. ಎಳ್ಳಮಾವಾಸ್ಯೆ ಮತ್ತು ಸಂಕ್ರಾಂತಿಯ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಕೇಳಿದಷ್ಟು ರೇಟು ಸಿಗುತ್ತದೆ. ಆಗ ಭುಜ ಎತ್ತಲು ಬರುವುದಿಲ್ಲ, ಅದು ಬೇರೆ ಮಾತು.

ಅನುವಾದ ನೋಡಲು ಬಲು ಆರಾಮ. ಲ್ಯಾಪ್‌ಟಾಪ್, ಇಂಟರ್ನೆಟ್, ಒಂದು ಕಪ್ ಚಹಾ. ಮಧ್ಯಾಹ್ನ ಮನೆ ಖಾಲಿ ಇರುವಾಗಲೇ ಮುಗಿಸಬಹುದು. ಟ್ಯೂಷನ್‌ನಲ್ಲಿ ವ್ಯರ್ಥ ಹೋಗುವ ಹೊತ್ತೇ ಇಲ್ಲಿ ದುಡಿಯುವ ಹೊತ್ತು. ತೊಡಕು ದುಡ್ಡಿನದು. ಪದಕ್ಕಿಷ್ಟು ಅಂತ ರೇಟು, ಬಿಲ್ ಕಳಿಸಿದ ಮೇಲೆ ಎರಡು ತಿಂಗಳು ಕಾಯಬೇಕು, ಅದರಲ್ಲೂ 10% ಟಿಡಿಎಸ್ ಅಂತ ತೆರಿಗೆ ಮೊದಲೇ ಮುರಿದುಕೊಂಡು ಕೊಡುತ್ತಾರೆ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದವರು ಐಟಿ ರಿಟರ್ನ್ ಹಾಕಿದರೆ ಅದು ವಾಪಸ್ ಬರುತ್ತದೆ, ಹಾಕದಿದ್ದರೆ ಹೋಯಿತು. ಒಬ್ಬರು ಯೂನಿಕೋಡ್ ಕೇಳುತ್ತಾರೆ, ಪ್ರೆಸ್‌ನವರು 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಕೇಳುತ್ತಾರೆ, ಬದಲಿಸುವಾಗ ಒತ್ತಕ್ಷರ ಎಲ್ಲೆಲ್ಲೋ ಹಾರುತ್ತವೆ. ಈಗೀಗ ಯಂತ್ರ ಮಾಡಿದ ಅನುವಾದ ಕಳಿಸಿ "ಸುಮ್ನೆ ತಿದ್ದಿಕೊಡಿ" ಅಂತ ಅರ್ಧ ರೇಟು ಹೇಳುತ್ತಾರೆ. ತಿದ್ದುವುದಕ್ಕೆ ಹೊಸದಾಗಿ ಬರೆದಷ್ಟೇ ಹೊತ್ತು ಬೇಕು. ನಾನು ಅದನ್ನು ಒಪ್ಪಿಕೊಳ್ಳುವುದಿಲ್ಲ.

ವಿಮೆ ಏಜೆನ್ಸಿಗೆ 25 ಗಂಟೆಯ ತರಬೇತಿ, ಆಮೇಲೆ ಐಸಿ-38 ಅನ್ನುವ ಏಜೆಂಟರ ಪರೀಕ್ಷೆ. ಕಷ್ಟವೇನಲ್ಲ. ಮಾಡಿಸಿದ ಪಾಲಿಸಿಗೆ ಜನ ಕಂತು ಕಟ್ಟುತ್ತಿರುವಷ್ಟು ವರ್ಷ ಸಣ್ಣ ಕಮಿಷನ್ ಬರುತ್ತಲೇ ಇರುತ್ತದೆ. ಮಲಗಿದಾಗಲೂ ದುಡ್ಡು ಬರುವುದು ನಾಲ್ಕರಲ್ಲಿ ಇದರಲ್ಲಿ ಮಾತ್ರ. ಆದರೆ ಜನ ಸಿಗುವುದು ಭಾನುವಾರ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ, "ಯಜಮಾನ್ರು ಇಲ್ರೀ, ಮುಂದಿನ ವಾರ ಬರ್ರಿ" ಅನ್ನಿಸಿಕೊಂಡು ಬರಬೇಕು. ನೆಂಟರು ಫೋನ್ ಎತ್ತುವುದನ್ನು ಕಡಿಮೆ ಮಾಡಿದಾಗ ನಾನು ಬಿಟ್ಟೆ.

ಮನೆಯಲ್ಲಿ ಸಣ್ಣ ಮಕ್ಕಳಿರುವವರಿಗೆ ನಾನು ಹೇಳುವುದು ಮಧ್ಯಾಹ್ನದ ಅನುವಾದ, ಆರು ತಿಂಗಳ ಖರ್ಚು ಕೈಯಲ್ಲಿದ್ದರೆ ಮಾತ್ರ. ತಿಂಗಳ ಬಾಡಿಗೆ ಕಟ್ಟಬೇಕಾದವರಿಗೆ ಟ್ಯೂಷನ್ನೇ ವಾಸಿ. ಮನೆಯಲ್ಲಿ ಇಬ್ಬರು ಹೆಂಗಸರಿದ್ದರೆ, ಒಬ್ಬರು ಬಡಿದು ಇನ್ನೊಬ್ಬರು ಬೇಯಿಸುವ ಹಾಗಿದ್ದರೆ, ಖಡಕ್ ರೊಟ್ಟಿಯ ಮುಂದೆ ಎರಡೂ ನಿಲ್ಲುವುದಿಲ್ಲ. ರೊಟ್ಟಿಗೆ ನಾನು ಒಬ್ಬಳೇ ಇದ್ದೇನೆ. ಹಾಗಾಗಿ ಮಧ್ಯಾಹ್ನ ಅನುವಾದ, ಸಂಜೆ ಹತ್ತನೇ ಕ್ಲಾಸಿನವರಿಗಷ್ಟೇ ಗಣಿತ, ನಾದಿನಿ ಗದಗಿನಿಂದ ಬಂದಾಗ ಮಾತ್ರ ರೊಟ್ಟಿ ಆರ್ಡರ್ ಹಿಡಿಯುತ್ತೇನೆ.